ಕೆಂಪು ಚೌಕದೊಳಗಿನ ಕೈ

ಆ ಚಿತ್ರ ಬರೆದ ಪುಣ್ಯಾತ್ಮ ಯಾವ ದೇಶದವನೋ ನನಗೆ ಗೊತ್ತಿಲ್ಲ. ಎಂದಾದರೂ ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಕೈಗೆ ಸಿಕ್ಕರೆ, ಮೊದಲು ಒಂದು ಚಹಾ ಕುಡಿಸಿ, ಆಮೇಲೆ ಹೊಟ್ಟೆ ತುಂಬ ಬೈಯಬೇಕೆಂದಿದ್ದೇನೆ. ಮೂಲೆಯ ಮೇಲೆ ನಿಂತ ಒಂದು ಚೌಕ, ಅದಕ್ಕೆ ಕೆಂಪು ಅಂಚು. ಒಳಗೆ ಎರಡು ಕೊಳವೆ. ಒಂದರಿಂದ ಏನೋ ಒಂದು ಕೈಯ ಮೇಲೆ ತೊಟ್ಟಿಕ್ಕುತ್ತದೆ, ಇನ್ನೊಂದರಿಂದ ಒಂದು ಕಪ್ಪು ಪಟ್ಟಿಯ ಮೇಲೆ. ಜಗತ್ತಿನ ಯಾವ ಮೂಲೆಯ ಮನುಷ್ಯ ನೋಡಿದರೂ, ಅವನಿಗೆ ಓದು ಬರಲಿ ಬಾರದಿರಲಿ, ಇದು ಮೈ ಸುಡುವ ವಸ್ತು ಎಂದು ತಟ್ಟನೆ ತಿಳಿಯಬೇಕಂತೆ. ಅದಕ್ಕೇ ದೇಶದೇಶಗಳೆಲ್ಲ ಕೂಡಿ ಇದೊಂದೇ ಚಿತ್ರವನ್ನು ಒಪ್ಪಿಕೊಂಡಿವೆ ಎಂದು ನಮಗೆ ಹೇಳಿದರು. ಅಷ್ಟು ದೇಶಗಳು ಕೂಡಿದ್ದಾಗ ನಮ್ಮ ಅಕ್ಕನನ್ನು ಒಂದು ಮಾತು ಕೇಳಿದವರಿಲ್ಲ.

ನಾನು ಹುಟ್ಟಿದ್ದು ಶಿಗ್ಗಾವಿ ತಾಲೂಕಿನ ದುಂಡಸಿಯಲ್ಲಿ. ಪಿಯುಸಿ ಸೈನ್ಸ್ ಪಾಸಾದ ಜಂಬಕ್ಕೆ ಹೊಲದ ಕೆಲಸ ಒಲ್ಲೆನೆಂದು ಹಾನಗಲ್ಲಿಗೆ ಬಂದು, ಊರ ಹೊರಗಿನ ಮಾವಿನ ರಸದ ಫ್ಯಾಕ್ಟರಿಯಲ್ಲಿ ಸ್ಟೋರ್ ಕ್ಲಾರ್ಕ್ ಆಗಿ ಸೇರಿಕೊಂಡೆ. ಆಪೂಸಿನ ಸುಗ್ಗಿಯಲ್ಲಿ ಹಗಲೂರಾತ್ರಿ ರಸ ಹಿಂಡಿ, ಡ್ರಮ್ಮಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಫ್ಯಾಕ್ಟರಿ ಅದು. ಹಣ್ಣು ಆರಿಸುವುದು, ತೊಳೆಯುವುದು, ತೊಟ್ಟು ಕೊಯ್ಯುವುದು, ಎಲ್ಲಕ್ಕೂ ಹೆಣ್ಣಾಳುಗಳೇ. ಸವಣೂರಿನಿಂದ, ತಡಸದಿಂದ, ದುಂಡಸಿಯಿಂದ ಟೆಂಪೋದಲ್ಲಿ ಬರುತ್ತಿದ್ದರು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ, ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಶಾಲೆಯ ಬಾಗಿಲಿಗೆ ಬಿಟ್ಟು ಬರುತ್ತಿದ್ದಳು. ಅವಳನ್ನು ಕೊಟ್ಟದ್ದು ಹಿರೇಕೆರೂರು ತಾಲೂಕಿಗೆ, ಅಬಲೂರಿನ ಪಕ್ಕದ ಊರಿಗೆ. ಮಾವಿನ ಸುಗ್ಗಿಯ ಎರಡು ತಿಂಗಳು ನನ್ನ ಮನೆಯಲ್ಲಿದ್ದು ಫ್ಯಾಕ್ಟರಿಗೆ ಬರುವಳು, ಮಳೆ ಹಿಡಿದ ಮೇಲೆ ತನ್ನೂರಿಗೆ ಹೋಗುವಳು. ಅಲ್ಲಿ ಅವಳಿಗೆ ಬೇರೆಯೇ ಮರ್ಯಾದೆ ಇತ್ತು. ಆ ಕಡೆ ಬೀಜದ ಹತ್ತಿಯ ಪ್ಲಾಟುಗಳಿವೆ. ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಹೂವಿನ ಪುಡಿ ಮುಟ್ಟಿಸಿ ಬೀಜ ಮಾಡುವ ಆ ಕೆಲಸಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಹಿಡಿದು, ಹೆಬ್ಬೆರಳ ಉಗುರಿನಿಂದ ಸುತ್ತ ಸೀಳಿ, ಒಳಗಿನ ಗಂಡು ಕೇಸರವನ್ನೆಲ್ಲ ಒಂದೇ ಎಳೆತಕ್ಕೆ ಕಿತ್ತುಬಿಡಬೇಕು. ನಡುವಿನ ಹೆಣ್ಣು ಕಡ್ಡಿಗೆ ಒಂದು ಗೀರೂ ಬೀಳಬಾರದು. ಗೀರು ಬಿತ್ತೆಂದರೆ ಮೊಗ್ಗು ಉದುರಿತು.

ಒಂದು ಸಲ ನಾನೂ ಮಾಡಲು ಹೋಗಿ ಹತ್ತು ಮೊಗ್ಗು ಹಾಳು ಮಾಡಿದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕಣ್ಣಿಲೆ ನೋಡಿ ಮಾಡೋ ಕೆಲಸಲ್ಲ ಇದು. ಬೆರಳಿಗೆ ಕಣ್ಣ ಇರಬೇಕವಾ. ನೀ ಹೋಗಿ ಪೆನ್ನ ಹಿಡಿ" ಅಂದಳು.

ಪ್ಲಾಟಿನ ಮೇಸ್ತ್ರಿ ಹೆಂಗಸು ಆಳುಗಳ ಹೆಸರು ಬರೆಸುವಾಗ ಅಕ್ಕನ ಹೆಸರನ್ನೇ ಮೊದಲು ಹೇಳುತ್ತಿದ್ದಳು. ಹೊಸಬರನ್ನು ಅಕ್ಕನ ಸಾಲಿನಲ್ಲಿ ನಿಲ್ಲಿಸಿ, ಇವಳ ಕೈ ನೋಡಿ ಕಲಿಯಿರಿ ಎನ್ನುತ್ತಿದ್ದಳು. ಈ ಸಂಗತಿಯನ್ನು ಅಕ್ಕ ನನಗೆ ಪ್ರತಿ ವರ್ಷ ಹೊಸದೆಂಬಂತೆ ಹೇಳುತ್ತಿದ್ದಳು, ನಾನೂ ಹೊಸದೆಂಬಂತೆ ಕೇಳುತ್ತಿದ್ದೆ.

ಇನ್ನು ಆ ಸುಡುಗಾಡು ಕಾಸ್ಟಿಕ್ ಸೋಡಾದ ವಿಷಯ. ರಸ ಕಾಯಿಸುವ ಕೊಳವೆಗಳ ಒಳಗೆ ಹೊತ್ತಿ ಅಂಟಿದ್ದನ್ನು ಕರಗಿಸಲು ಅದು ಬೇಕು. ಬಿಳಿ ಚಕ್ಕೆಗಳ ರೂಪದಲ್ಲಿ ಚೀಲದಲ್ಲಿ ಬರುತ್ತದೆ. ನೀರಿಗೆ ಹಾಕಿದರೆ ನೀರೇ ಕುದಿಯುತ್ತದೆ. ಕರಗಿದ ಮೇಲೆ ನೋಡಲು ಬರೀ ನೀರು, ಬಣ್ಣವಿಲ್ಲ, ವಾಸನೆಯಿಲ್ಲ. ನನಗಿಂತ ಮೊದಲು ಸ್ಟೋರ್ ನೋಡುತ್ತಿದ್ದ ಅಜ್ಜ ಇದಕ್ಕೆ ಒಂದು ಪದ್ಧತಿ ಮಾಡಿಟ್ಟಿದ್ದ. ಕಾಸ್ಟಿಕ್ ಇರುವ ಪ್ರತಿಯೊಂದು ಡ್ರಮ್ಮಿಗೆ, ಅದನ್ನು ಒಯ್ಯುವ ಬಕೀಟಿನ ಹಿಡಿಕೆಗೆ, ಒಂದೊಂದು ಹರಕು ಕೆರ ಕಟ್ಟಿರುತ್ತಿದ್ದ. ಹೊಸ ಮನೆಗೆ, ಕಾಯಿ ಹಿಡಿದ ಗಿಡಕ್ಕೆ ದೃಷ್ಟಿ ಆಗಬಾರದೆಂದು ಕಟ್ಟುತ್ತಾರಲ್ಲ, ಅಂಥದೇ ಹಳೇ ಚಪ್ಪಲಿ. ಕೆರ ಕಟ್ಟಿದ ವಸ್ತುವನ್ನು ನಮ್ಮ ಹೆಂಗಸರು ಜಪ್ಪಯ್ಯ ಎಂದರೂ ಮುಟ್ಟುವುದಿಲ್ಲ. ಹೊಸದಾಗಿ ಬಂದವಳಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಜ್ಜ ಇದ್ದಷ್ಟು ವರ್ಷ ಅದರಿಂದ ಒಬ್ಬರಿಗೂ ಒಂದು ಬೊಬ್ಬೆ ಎದ್ದಿರಲಿಲ್ಲ.

ಆಮೇಲೆ ನಾನು ಬಂದೆ, ಪಿಯುಸಿ ಸೈನ್ಸ್.

ನಾನು ಬಂದು ಕೆಲವು ವರ್ಷಕ್ಕೆ ನಮ್ಮ ರಸ ಕೊಳ್ಳುವ ಹೊರದೇಶದವರು ಹೊಸ ಕರಾರು ಹಾಕಿದರು. ಫ್ಯಾಕ್ಟರಿಯಲ್ಲಿರುವ ಒಂದೊಂದು ರಾಸಾಯನಿಕವನ್ನೂ ಜಗತ್ತೆಲ್ಲ ಒಪ್ಪಿದ ನಿಯಮದಂತೆ ವಿಂಗಡಿಸಿ, ಜಗತ್ತೆಲ್ಲ ಒಪ್ಪಿದ ಚೀಟಿ ಅಂಟಿಸಬೇಕು. ದೊಡ್ಡ ಡ್ರಮ್ಮಿನಿಂದ ಸಣ್ಣ ಕ್ಯಾನಿಗೆ ಸುರಿದರೆ ಕ್ಯಾನಿಗೂ ಚೀಟಿ. ಕೆಲಸದವರಿಗೆ ಅವರ ಭಾಷೆಯಲ್ಲೇ ತಿಳಿಸಿ ಹೇಳಬೇಕು, ಹೇಳಿದ್ದಕ್ಕೆ ದಾಖಲೆ ಇರಬೇಕು. ನಮ್ಮ ದೇಶದಲ್ಲಿ ಇದಿನ್ನೂ ಪೂರಾ ಕಡ್ಡಾಯವಾಗಿಲ್ಲ, ಆದರೆ ಕೊಳ್ಳುವವನು ಕೇಳಿದ ಮೇಲೆ ಮುಗಿಯಿತು. ನಿಯಮ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಓದಿದರೆ ಒಂದೊಂದು ಸಾಲೂ ಒಳ್ಳೆಯದೇ. ನನಗೆ ಸಿಟ್ಟು ಬರುವುದು ಅದು ನಮ್ಮಂಥವರ ಕೈಗೆ ಬಂದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ.

ಬೆಂಗಳೂರಿನಿಂದ ಒಬ್ಬ ತರಬೇತಿಯವನು ಬಂದ. ಆಫೀಸಿನ ಖೋಲಿಯ ಒಳಗೂ ತಲೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡೇ ಕೂತಿದ್ದ. ಗೋಡೆಯ ಮೇಲೆ ಒಂಬತ್ತು ಚಿತ್ರ ತೋರಿಸಿ, ಒಂಬತ್ತಕ್ಕೂ ಇಂಗ್ಲಿಷಿನಲ್ಲಿ ಹೆಸರು ಹೇಳಿ, ಮ್ಯಾನೇಜರನ ಜೊತೆ ಊಟ ಮಾಡಿ ಹೋದ. ಕೇಳಲು ಕೂತಿದ್ದವರು ಆಫೀಸಿನ ಐದು ಜನ. ಹೆಣ್ಣಾಳುಗಳಿಗೆ ನಾನೇ ಹೇಳಬೇಕೆಂದು ಗೊತ್ತಾಯಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ದಿನ ಮನೆಗೆ ಹೋಗಿ ಅಕ್ಕನೆದುರು ಇಂಗ್ಲಿಷ್ ಹೆಸರುಗಳನ್ನು ಒಂದೊಂದಾಗಿ ಒದರಿದೆ. ಹೆಸರುಗಳನ್ನು ಮಾತ್ರ. ಚಿತ್ರ ತೋರಿಸಲಿಲ್ಲ.

ಚೀಟಿಗಳು ಬಂದವು. ಕನ್ನಡವೂ ಇತ್ತು ಅದರಲ್ಲಿ, ಇಲ್ಲವೆನ್ನಲಾರೆ: 'ತೀವ್ರತರವಾದ ಚರ್ಮದಹನ ಹಾಗೂ ನೇತ್ರಹಾನಿಯನ್ನುಂಟುಮಾಡುತ್ತದೆ.' ಸಾಸಿವೆ ಕಾಳಿನಷ್ಟು ಅಕ್ಷರ. ಅದನ್ನು ಕನ್ನಡಕ್ಕೆ ತಂದ ಮಹಾಶಯ ಜನ್ಮದಲ್ಲಿ ಕೈ ಸುಟ್ಟುಕೊಂಡವನಲ್ಲ. ಸುಟ್ಟುಕೊಂಡಿದ್ದರೆ 'ಸುಡುತ್ತದೆ, ಮುಟ್ಟಬೇಡ' ಎಂದು ಬರೆಯುತ್ತಿದ್ದ.

ಚೀಟಿ ಅಂಟಿಸುವ ದಿನ ಮ್ಯಾನೇಜರ ಸ್ಟೋರಿಗೆ ಬಂದು ಡ್ರಮ್ಮುಗಳನ್ನು ನೋಡಿ ಮೂಗು ಮುಚ್ಚಿಕೊಂಡ.

"ಏನ್ರಿ ಇದು, ತಿನ್ನೋ ವಸ್ತು ಮಾಡೋ ಜಾಗಾದಾಗ ಹರಕ ಕೆರ ತೂಗ ಹಾಕೀರಿ? ಆಡಿಟರ ನೋಡಿದ್ರ ನಮ್ಮ ಮಾನ ಉಳಿಯೂದಿಲ್ಲ. ತಗೀರಿ ಮೊದಲ."

ತೆಗೆದವಳು ನಾನೇ. ಕತ್ತರಿ ತಂದು ಒಂದೊಂದು ದಾರ ಕತ್ತರಿಸಿ, ಅಜ್ಜನ ಕೆರಗಳನ್ನೆಲ್ಲ ಚೀಲದಲ್ಲಿ ತುಂಬಿ ಹೊರಗೆ ಎಸೆಸಿದೆ. ಮೂಢನಂಬಿಕೆ ಹೋಯಿತು, ವಿಜ್ಞಾನ ಬಂತು ಎಂದು ನಗೆಯಾಡಿದ್ದೂ ನೆನಪಿದೆ. ಕೆರ ಇದ್ದ ಜಾಗದಲ್ಲಿ ಕೆಂಪು ಚೌಕ ಕೂತಿತು. ಸೊಟ್ಟಗಾಗದಂತೆ ಪಟ್ಟಿ ಹಿಡಿದು ಅಂಟಿಸಿದೆ. ಬಕೀಟು ಹೋಗಿ ಅಚ್ಚ ಬಿಳಿಯ ಐದು ಲೀಟರಿನ ಕ್ಯಾನುಗಳು ಬಂದವು, ಅವಕ್ಕೂ ಒಂದೊಂದು ಚೌಕ. ನೋಡಲು ಎಲ್ಲ ಅಂಗಡಿಯ ಸಾಮಾನಿನಂತೆ ಚೆಂದವಾಗಿ ಕಂಡಿತು.

ಹೆಂಗಸರಿಗೆ ತಿಳಿಸಿ ಹೇಳುವ ಕೆಲಸ ಮಾತ್ರ ಮುಂದೆ ಹೋಗುತ್ತಲೇ ಇತ್ತು. ಇವತ್ತು ಎನ್ನುವಷ್ಟರಲ್ಲಿ ಹಣ್ಣಿನ ಲಾರಿ ಬರುತ್ತಿತ್ತು. ನಾಳೆ ಎನ್ನುವಷ್ಟರಲ್ಲಿ ಎರಡು ಲಾರಿ. ಲೈನು ನಿಲ್ಲಿಸುವಂತಿಲ್ಲ. ಕೊನೆಗೆ ಆಡಿಟ್ ನಾಳೆ ಎನ್ನುವ ದಿನ ಮ್ಯಾನೇಜರ ನನ್ನ ಮೇಜಿನ ಮೇಲೆ ಒಂದು ರಜಿಸ್ಟರು ತಂದಿಟ್ಟ. 'ಚೀಟಿಯ ಚಿತ್ರಗಳ ಅರ್ಥವನ್ನು ನನ್ನ ಭಾಷೆಯಲ್ಲಿ ತಿಳಿಸಿ ಹೇಳಿದ್ದಾರೆ, ನನಗೆ ಅರ್ಥವಾಗಿದೆ' ಎಂದು ಮೇಲೆ ಬರೆದಿತ್ತು. ಕೆಳಗೆ ಹೆಸರು, ಸಹಿ ಇಲ್ಲವೇ ಹೆಬ್ಬೆಟ್ಟು. ಪ್ರತಿ ಪುಟದ ಅಡಿಗೆ 'ತರಬೇತಿ ನೀಡಿದವರು' ಎಂದು ನನ್ನ ಸಹಿಗೆ ಜಾಗ.

"ಆಮ್ಯಾಲೆ ಸಾವಕಾಶ ಹೇಳಿದ್ರ ಆತು. ಈಗ ಇಷ್ಟ ಮುಗಿಸ್ರಿ" ಅಂದ.

ಊಟದ ಬಿಡುವಿನಲ್ಲಿ ಮಸಿಯ ಡಬ್ಬಿ ಹಿಡಿದುಕೊಂಡು ಹೋದೆ. ಹೆಂಗಸರು ರೊಟ್ಟಿ ತಿಂದು ಸವಣೂರಿನ ವೀಳ್ಯದೆಲೆ ಮಡಿಸುತ್ತ ಕೂತಿದ್ದರು. ಎಲೆ ಮಡಿಸುವ ಕೈಯಲ್ಲೇ ಒಬ್ಬೊಬ್ಬರಾಗಿ ಒತ್ತಿದರು. ತಡಸದ ಒಬ್ಬ ಹುಡುಗಿ ಮಾತ್ರ ರಜಿಸ್ಟರಿಗೆ ಸಿಕ್ಕಿಸಿದ್ದ ಚಿತ್ರಗಳ ಹಾಳೆ ನೋಡಿ, ಎದೆಯಲ್ಲಿ ನಕ್ಷತ್ರ ಒಡೆದಂಥ ಮನುಷ್ಯನ ಚಿತ್ರ ತೋರಿಸಿ, "ಇಂವಗ ದೇವರ ಒಲದಾನೇನ್ರಿ?" ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದು ಒಳಗಿಂದೊಳಗೇ ಮೈ ಕೆಡಿಸುವ ವಸ್ತುವಿನ ಗುರುತು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಗಂಟೆ ಹೊಡೆಯುವುದರೊಳಗೆ ಪುಟ ತುಂಬಬೇಕಿತ್ತು.

ಅಕ್ಕನ ಸರದಿ ಬಂತು.

"ಇದರಾಗ ಏನ ಬರದೈತಿ?" ಎಂದು ಕೇಳಿದಳು. ಕೇಳಿದವಳು ಅವಳೊಬ್ಬಳೇ.

"ಏನಿಲ್ಲ, ಒತ್ತು" ಅಂದೆ.

ಒತ್ತಿದಳು. ಗೆರೆಗೆರೆಯೂ ಎದ್ದು ಕಾಣುವ ಹೆಬ್ಬೆಟ್ಟು. ಆ ಪುಟದಲ್ಲಿ ಅಷ್ಟು ಚೊಕ್ಕಾಗಿ ಮೂಡಿದ್ದು ಅವಳದೊಂದೇ.

ಆಡಿಟ್ ಸುಸೂತ್ರವಾಗಿ ಮುಗಿಯಿತು. ಆಡಿಟರ ಡ್ರಮ್ಮು ನೋಡಿದ, ಕ್ಯಾನು ನೋಡಿದ, ರಜಿಸ್ಟರಿನ ಪುಟ ತಿರುವಿದ, ತೃಪ್ತಿಯಿಂದ ತಲೆದೂಗಿದ. ಎಲ್ಲರಿಗೂ ಪೇಢೆ ಹಂಚಿದರು. ಸಾವಕಾಶ ಹೇಳುವ ದಿನ ಮಾತ್ರ ಬರಲೇ ಇಲ್ಲ, ನನಗೂ ಅದು ಮರೆತೇಹೋಯಿತು.

ಮಾವಿನ ತೊಟ್ಟಿನ ಸೊನೆ ಎಂಥದೆಂದು ಕೊಯ್ದವರಿಗೇ ಗೊತ್ತು. ಕೈಗೆ ಅಂಟಿದರೆ ಉರಿ, ಸಾಬೂನಿಗೆ ಜಗ್ಗುವುದಿಲ್ಲ. ಫ್ಯಾಕ್ಟರಿಯಲ್ಲಿ ಕೈ ತೊಳೆಯಿರಿ, ಕೈ ತೊಳೆಯಿರಿ ಎಂದು ಬೆಳಗಿನಿಂದ ಒಂದೇ ಮಂತ್ರ. ಗೋಡೆಗೋಡೆಗೆ ಅದರ ಚಿತ್ರ: ನಳ, ನಳದ ಕೆಳಗೆ ಕೈ. ಆಡಿಟ್ ಮುಗಿದ ವಾರದಲ್ಲಿ ತೊಳೆಯುವ ಜಾಗದ ಸಾಬೂನು ತೀರಿತ್ತು. ಅದೇ ದಿನ ಯಂತ್ರದವರು ಗಟ್ಟಿಯಾಗಿ ಕರಗಿಸಿದ ಕಾಸ್ಟಿಕ್ ನೀರಿನ ಬಿಳಿ ಕ್ಯಾನೊಂದನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟು ಚಹಾಕ್ಕೆ ಹೋಗಿದ್ದರು. ಕೆರ ಕಟ್ಟಿದ ಬಕೀಟಾಗಿದ್ದರೆ ಹೆಂಗಸರು ಅದರಿಂದ ಮಾರು ದೂರ ನಿಲ್ಲುತ್ತಿದ್ದರು.

ಮುಂದಿನದನ್ನು ಅಲ್ಲಿದ್ದವರು ನನಗೆ ಹೇಳಿದ್ದು. ಅಕ್ಕ ಕ್ಯಾನು ನೋಡಿದಳು. ಚಿತ್ರ ನೋಡಿದಳು.

"ನೋಡ್ರೆವಾ, ನಮಗಂತ ಹೊಸ ಔಷಧಿ ತರಿಸ್ಯಾರ. ಎರಡ ನಳ ಬರದಾರ ನೋಡು. ಒಂದು ಕೈ ತೊಳಿಯಾಕ, ಒಂದು ಕಟ್ಟಿ ತೊಳಿಯಾಕ" ಅಂದಳಂತೆ.

ಅದಕ್ಕಿಂತ ಸರಿಯಾಗಿ ಆ ಚಿತ್ರವನ್ನು ಓದುವುದು ಹೇಗೆ? ನೀವೇ ಒಮ್ಮೆ ನೋಡಿ ಹೇಳಿ. ಅಂಗೈಗೆ ಸುರಿದುಕೊಂಡಳು. ಕಾಸ್ಟಿಕ್ ಮೊದಲು ಉರಿಯುವುದಿಲ್ಲ, ಜಾರುತ್ತದೆ. ಚರ್ಮದ ಜಿಡ್ಡನ್ನೇ ತಿಂದು ಸಾಬೂನಿನಂತಾಗುತ್ತದೆ. "ಚೊಲೊ ಜಾರತೈತಿ, ಸೊನಿ ಹೊಂಟೈತಿ" ಎಂದು ಬೆರಳ ಸಂದುಸಂದಿಗೂ ಹಚ್ಚಿ, ಹೆಬ್ಬೆರಳನ್ನು ಒತ್ತಿ ಒತ್ತಿ ತಿಕ್ಕಿದಳಂತೆ. ಹಿಂದೆ ನಿಂತ ತಡಸದ ಹುಡುಗಿ ತಾನೂ ಕೈ ಚಾಚಿದಾಗ ಅಕ್ಕನಿಗೆ ಉರಿ ಹತ್ತಿತು. ತನ್ನ ಕೈ ಬಿಟ್ಟು ಮೊದಲು ಮೊಣಕೈಯಿಂದ ಆ ಹುಡುಗಿಯನ್ನು ಆಚೆ ನೂಕಿದಳು. ಆಮೇಲೆ ಕೂಗಿದಳು.

ನಾನು ಓಡಿ ಬರುವಷ್ಟರಲ್ಲಿ ಒಬ್ಬಳು ಅರಿಷಿಣ ತಂದಿದ್ದಳು, ಇನ್ನೊಬ್ಬಳು ಕೊಬ್ಬರಿ ಎಣ್ಣೆ ಎನ್ನುತ್ತಿದ್ದಳು. ಎಲ್ಲರಿಗೂ ಬೈದು ಅಕ್ಕನ ಎರಡೂ ಕೈ ಹಿಡಿದು ನಳದ ಕೆಳಗೆ ಒಡ್ಡಿದೆ. ನೀರು ಬಿಡಬೇಕು, ಬಿಡುತ್ತಲೇ ಇರಬೇಕು, ಅದು ಚೀಟಿಯಲ್ಲಿದೆ, ನನಗೆ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿತ್ತು. ನೀರಿನ ಕೆಳಗೆ ಅವಳ ಬೆರಳ ತುದಿಗಳು ಬೇಯಿಸಿದ ಬಟಾಟೆಯ ಸಿಪ್ಪೆಯಂತೆ ಸುಲಿಯುತ್ತಿದ್ದವು. ಅಕ್ಕ ಅಳಲಿಲ್ಲ. "ಕ್ರಾಸಿಂಗಿಗೆ ಮಾಯ್ತಾವಿಲ್ಲ?" ಎಂದು ಕೇಳಿದಳು. ಹತ್ತಿಗೆ ಮೊಗ್ಗು ಬರಲು ಇನ್ನೂ ಎರಡು ಎರಡೂವರೆ ತಿಂಗಳಿತ್ತು.

"ಮಾಯ್ತಾವ" ಅಂದೆ. ಅದನ್ನು ನಾನು ತಿಳಿಯದೇ ಹೇಳಿದೆ.

ಹುಬ್ಬಳ್ಳಿಗೆ ಜೀಪಿನಲ್ಲಿ ಕಳಿಸಿದರು, ಅಷ್ಟರಮಟ್ಟಿಗೆ ಮನುಷ್ಯತ್ವ ಇತ್ತು. ಮರುದಿನ ಮ್ಯಾನೇಜರ ನನ್ನನ್ನು ಕರೆದು ಕೂಡಲು ಹೇಳಿದ. ದನಿ ಎತ್ತುವ ಮನುಷ್ಯನಲ್ಲ ಆತ. ಎತ್ತಿದ್ದರೆ ನನಗೂ ಎತ್ತಲು ಬರುತ್ತಿತ್ತು.

"ಕೂಡ್ರಿ. ಆಗಬಾರದಿತ್ತು, ಆತು. ರಿಪೋರ್ಟ್ ಅಂತೂ ಕಳಸಬೇಕು. ರಜಿಸ್ಟರದಾಗ ಆಕಿ ಹೆಬ್ಬೆಟ್ಟ ಐತಿ. ತಿಳಿಸಿ ಹೇಳಿದವರು ಅಂತ ನಿಮ್ಮ ಸಹಿ ಐತಿ. ಹೇಳಿಲ್ಲಂತ ಈಗ ಅಂದ್ರ ಸುಳ್ಳ ಸಹಿ ಮಾಡಿದವರು ಯಾರು ಆಗ್ತಾರ, ನೀವ ವಿಚಾರ ಮಾಡ್ರಿ."

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇಲ್ಲಿ ಅಂಗೈ ಹುಣ್ಣನ್ನು ಮುಚ್ಚಲು ಕಾಗದ ಇತ್ತು, ಬರೆಯಲು ನಾನಿದ್ದೆ. 'ಚಿತ್ರದ ಅರ್ಥವನ್ನು ತಿಳಿಸಿ ಹೇಳಿದ್ದರೂ ಕೆಲಸಗಾರ್ತಿಯು ಅಲಕ್ಷ್ಯ ಮಾಡಿದ್ದರಿಂದ' ಎಂದು ನನ್ನ ಕೈಯಾರೆ ಬರೆದೆ. ಅಕ್ಷರ ದುಂಡಗೆ ಬಂದವು. ಹೆದರಿದ್ದೆ ಎಂದು ಹೇಳಿದರೆ ನಿಜ, ಆದರೆ ಅದು ಪೂರ್ತಿ ನಿಜವಲ್ಲ. ಕುರ್ಚಿ, ಮೇಜು, ಹೆಂಗಸರು ನನಗೆ 'ಅಕ್ಕಾರ' ಅನ್ನುವುದು, ಇವೆಲ್ಲ ನನಗೆ ರುಚಿ ಹತ್ತಿದ್ದವು. ಮ್ಯಾನೇಜರನನ್ನು ನಾನು ದ್ವೇಷಿಸುತ್ತೇನೆ, ಮುಚ್ಚುಮರೆಯಿಲ್ಲದೆ ದ್ವೇಷಿಸುತ್ತೇನೆ. ಆದರೆ ಆ ಸಾಲು ಬರೆದವಳು ಅವನಲ್ಲ.

ಅಕ್ಕನ ಕೈ ಮಾಯಿತು. ಮಾಯುವುದೇನು, ಮುಚ್ಚಿಕೊಂಡಿತು. ಬೆರಳ ತುದಿಗಳಲ್ಲಿ ದಪ್ಪ, ನುಣ್ಣನೆಯ, ಹೊಳೆಯುವ ಚರ್ಮ ಬಂತು. ಬಲ ಹೆಬ್ಬೆರಳ ಉಗುರು ಉದುರಿ ಮತ್ತೆ ಸೊಟ್ಟಗೆ ಬೆಳೆಯಿತು. ಎರಡು ತಿಂಗಳಿಗೇ ತನ್ನೂರಿಗೆ ಹೋದವಳು ನನಗೆ ಫೋನೇ ಮಾಡಲಿಲ್ಲ. ಕ್ರಾಸಿಂಗ್ ಜೋರಾಗಿದ್ದ ದಿನಗಳಲ್ಲಿ ನಾನೇ ಹೋದೆ. ಅಬಲೂರಿನಲ್ಲಿ ಬಸ್ಸಿಳಿದು ಹಳೆಯ ಗುಡಿ ದಾಟಿ ಪ್ಲಾಟಿನ ತನಕ ನಡೆದೆ.

ಮಧ್ಯಾಹ್ನದ ಬಿಸಿಲು. ಹೆಂಗಸರು ಸಾಲುಸಾಲಾಗಿ ಮೊಗ್ಗು ಸೀಳುತ್ತಿದ್ದರು. ಅಕ್ಕ ಬದುವಿನ ಮೇಲಿಂದ ಕೊಡ ಹೊತ್ತು ಬರುತ್ತಿದ್ದಳು, ಅವರಿಗೆಲ್ಲ ಕುಡಿಯುವ ನೀರು. ನನ್ನನ್ನು ನೋಡಿ ಕೊಡ ಇಳಿಸಿದಳು.

"ಮೊದಲನೇ ದಿನ ನಿಂತಿದ್ದೆ ಸಾಲಿನಾಗ. ಮೊಗ್ಗ ಹಿಡದ್ರ ಹಿಡದಂಗ ಅನಸವಲ್ದು. ಎಷ್ಟ ಒತ್ತೇನಿ, ಎಷ್ಟ ಬಿಟ್ಟೇನಿ, ತಿಳೀವಲ್ದು. ಎಲ್ಲಾ ಮುರದ ಬಿದ್ದುವು. ಮೇಸ್ತ್ರಿ ಪಾಪ ಏನೂ ಅನಲಿಲ್ಲ. ನೀರ ತಗೊಂಡ ಬಾ ಅಂದ್ಲು."

ಪಕ್ಕದ ಗಿಡದ ಮೊಗ್ಗೊಂದನ್ನು ಹಿಡಿದು ತೋರಿಸಿದಳು. ಸೊಟ್ಟ ಉಗುರು ಜಾರಿತು, ಒಳಗಿನ ಕಡ್ಡಿ ಮುರಿಯಿತು. ಮುರಿದದ್ದು ಅವಳಿಗೆ ಕಣ್ಣಿನಿಂದ ನೋಡಿದ ಮೇಲೆ ಗೊತ್ತಾಯಿತು.

ನಾನು ಅಲ್ಲೇ ಹೇಳಿದೆ. ರಿಪೋರ್ಟಿನಲ್ಲಿ ಏನು ಬರೆದೆ ಎಂದು ಹೇಳಿದೆ, ರಜಿಸ್ಟರಿನ ಮೇಲೆ ಏನು ಬರೆದಿತ್ತು ಎಂದೂ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಅಕ್ಕ ನನ್ನ ಕಣ್ಣೀರಿಗೆ ಸೊಪ್ಪು ಹಾಕಲಿಲ್ಲ. ಸೆರಗಿನಿಂದ ತನ್ನ ಮುಖದ ಬೆವರು ಒರೆಸಿಕೊಂಡಳು.

"ಏನ ಬರದೈತಿ ಅಂತ ಕೇಳಿದ್ದೆ ನಾ ನಿನ್ನ. ಬ್ಯಾರೆ ಯಾರರ ಆಗಿದ್ರ ಎರಡನೇ ಸಲ ಕೇಳ್ತಿದ್ದೆ. ತಂಗಿ ಅದಾಳಂತ ಕೇಳಲಿಲ್ಲ."

ಅಷ್ಟು ಹೇಳಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು. ಊಟಕ್ಕೆ ಇರು ಎನ್ನಲಿಲ್ಲ. ನಮ್ಮ ಕಡೆ ವೈರಿ ಬಂದರೂ ಒಂದು ವಾಟಗ ನೀರಾದರೂ ಕೊಡುತ್ತಾರೆ. ಆ ದಿನ ಎಲ್ಲರಿಗೂ ನೀರು ಕೊಟ್ಟ ಅಕ್ಕ ನನಗೆ ಕೊಡಲಿಲ್ಲ.

ಮುಂದಿನ ಸುಗ್ಗಿಗೆ ಅದೇ ಆಡಿಟರ ಬಂದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಫ್ಯಾಕ್ಟರಿಯಲ್ಲಿ ಎಲ್ಲ ಬಿಗಿಯಾಗಿತ್ತು. ಕಾಸ್ಟಿಕ್ಕಿಗೆ ಬೇರೆ ಖೋಲಿ, ಖೋಲಿಗೆ ಬೀಗ. ಹೊಸ ರಜಿಸ್ಟರಿನ ಪುಟಗಳೂ ತುಂಬಿದ್ದವು. ಈ ಸಲ ನಾನು ನಿಜವಾಗಿಯೂ ಹೇಳಲು ಹೋಗಿದ್ದೆ. ಆದರೆ ಚೀಟಿ ಎತ್ತಿ ತೋರಿಸಿದ ಕೂಡಲೇ ಹೆಂಗಸರು, "ಅದ ಗೊತ್ತೈತ್ರಿ ನಮಗ" ಎಂದು ಮುಖ ತಿರುಗಿಸಿದ್ದರು. ನನ್ನ ಬಾಯಿಂದ ಒಂದು ಮಾತು ಕೇಳಲು ಅವರಿಗೆ ಇಷ್ಟವಿರಲಿಲ್ಲ. 'ತರಬೇತಿ ನೀಡಿದವರು' ಎಂಬಲ್ಲಿ ಇನ್ನೂ ಸಹಿ ಮಾಡಿರಲಿಲ್ಲ.

ಆಡಿಟರನಿಗೆ ಕನ್ನಡ ಬಾರದು. ಲೈನಿನ ನಡುವೆ ನಿಂತು ತಡಸದ ಆ ಹುಡುಗಿಯತ್ತ ಬೆರಳು ಮಾಡಿ, ಆ ಕೆಂಪು ಚೌಕ ತೋರಿಸಿ, ಇದೇನೆಂದು ಕೇಳು ಎಂದು ನನಗೆ ಹೇಳಿದ. ಕೇಳಿದೆ. ಹುಡುಗಿ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅದು ಇವರ ಅಕ್ಕನ ಕೈ ರೀ" ಅಂದಳು.

ಪಕ್ಕದವಳನ್ನು ಕೇಳಿಸಿದ. ಅವಳೂ ಅದನ್ನೇ ಅಂದಳು. ಸವಣೂರಿನವಳು, ದುಂಡಸಿಯವಳು, ಎಲ್ಲರದೂ ಒಂದೇ ಉತ್ತರ. ಹೋದ ಸುಗ್ಗಿಯಿಂದಲೇ ಅವರು ಆ ಚಿತ್ರಕ್ಕೆ ಅದೇ ಹೆಸರು ಇಟ್ಟುಕೊಂಡಿದ್ದರು, ನನ್ನ ಕಿವಿಗೆ ಬೀಳದಂತೆ. ಮ್ಯಾನೇಜರ ನನಗಿಂತ ಮೊದಲು ಬಾಯಿ ಹಾಕಿ, ಚರ್ಮ ಸುಡುತ್ತದೆ ಎನ್ನುತ್ತಿದ್ದಾರೆ ಸರ್ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟ. ಆಡಿಟರನ ಮುಖ ಅರಳಿತು. ಇಷ್ಟು ಚೆನ್ನಾಗಿ ಕಲಿತವರನ್ನು ನಾನು ಎಲ್ಲೂ ನೋಡಿಲ್ಲ, ಕಲಿಸಿದವರು ಯಾರು ಎಂದು ಕೇಳಿ, ನನ್ನ ಕೈ ಕುಲುಕಲು ಕೈ ಚಾಚಿದ.

ನಾನು ಕೈ ಕೊಡಲಿಲ್ಲ. ಹೊಸ ರಜಿಸ್ಟರು ತೆರೆದು, 'ತರಬೇತಿ ನೀಡಿದವರು' ಎಂಬಲ್ಲಿ ಅಕ್ಕನ ಹೆಸರು ಬರೆದೆ. ಆಮೇಲೆ ಕಪಾಟಿನಿಂದ ಹಿಂದಿನ ವರ್ಷದ ರಜಿಸ್ಟರು ತಂದು ಆ ಪುಟ ತೆಗೆದು ಅವನ ಮುಂದಿಟ್ಟೆ. ಅಕ್ಕನ ಹೆಬ್ಬೆಟ್ಟಿನ ಗೆರೆಗಳು ಈಗ ಇರುವುದು ಆ ಪುಟದಲ್ಲಿ ಮಾತ್ರ. ಇವಳೇ ಕಲಿಸಿದವಳು, ಅಂದೆ. ಮ್ಯಾನೇಜರ ನನ್ನ ಹೆಸರು ಹಿಡಿದು ಮೆಲ್ಲಗೆ ಕರೆದ. ನಾನು ತಿರುಗಿ ನೋಡದೆ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಆ ದಿನ ಇವರಿಗೆ ನಾನು 'ಒತ್ತು' ಎಂಬ ಒಂದು ಮಾತು ಬಿಟ್ಟು ಬೇರೇನೂ ಹೇಳಿರಲಿಲ್ಲ ಎಂಬಲ್ಲಿಂದ ಶುರು ಮಾಡಿದೆ.